ಡ್ರ್ಯಾಗನ್ ಬಾಯಿಗೆ ಒಣಮೆಣಸಿನಕಾಯಿ

"ಇದರ ಹೆಸರು ಪರಲೋಕ ಪ್ರವೇಶಿಕೆ!" ಎಂದು ನಮ್ಮ ಯಜಮಾನರು ಯಂತ್ರದ ಮೇಲೆ ಹೊದಿಸಿದ್ದ ಟವೆಲ್ ಎಳೆದರು.

"ಬಿಡ್ತು ಅನ್ನೋ! ಬೆಳಬೆಳಗ್ಗೆ ಪರಲೋಕ ಅಂತೀಯಲ್ಲೋ!" ಎಂದು ಅತ್ತೆ ಕಿರುಚಿದರು.

ಟವೆಲ್ ಕೆಳಗೆ ಇದ್ದದ್ದು ಕಾಣೆಯಾಗಿದ್ದ ನನ್ನ ಕುಕ್ಕರ್! ಅದರಿಂದ ಹೊರಟ ವೈರುಗಳು ಒಂದು ಕಡೆ ಯುಪಿಎಸ್‌ಗೆ, ಇನ್ನೊಂದು ಕಡೆ ಟಿವಿಗೆ ಸೇರಿದ್ದವು. ತುಮಕೂರಿನ ಐಟಿಐ ಒಂದರಲ್ಲಿ ಮೇಷ್ಟ್ರಾಗಿರುವ ನಮ್ಮವರಿಗೆ ಕಳೆದ ದೀಪಾವಳಿಯಿಂದ ಒಂದು ವಿಡಿಯೊ ಗೇಮ್ ಹುಚ್ಚು. ಎಷ್ಟು ನಡೆದರೂ ಮುಗಿಯದ ರಾಜ್ಯ, ಬೆಟ್ಟ, ಕಾಡು, ಕೊನೆಯಲ್ಲೊಂದು ಡ್ರ್ಯಾಗನ್ ಕಾಯುವ ಕೋಟೆ. ಆಡಿದ್ದು ಸಾಲದೆಂದು ಈಗ ಅದರೊಳಗೇ ನುಗ್ಗುವ ಯಂತ್ರ ಮಾಡಿದ್ದರು.

"ಆಡೋದು ಬೇರೆ, ಅಲ್ಲೇ ಹೋಗಿ ಬದುಕೋದು ಬೇರೆ ಕಣೇ ಸರ್ವಮಂಗಳಾ!"

"ಒಗ್ಗರಣೆಗೆ ಕರಿಬೇವಿಲ್ಲ. ತಂದುಕೊಟ್ಟು ಆಮೇಲೆ ಬದುಕಿ."

"ಬಂದ್ಮೇಲೆ ತರ್ತೀನಿ!"

ಮಗ ಹೊಸ ಯಂತ್ರ ಮಾಡಿದಾಗಲೆಲ್ಲ ಅತ್ತೆ ದೃಷ್ಟಿ ತೆಗೆಯುತ್ತಾರೆ. ಅಂದೂ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದೇ ಕೂತಿದ್ದರು. ಆದರೆ ಯಜಮಾನರಿಗೆ ತಾಳ್ಮೆ ಎಲ್ಲಿ? ಕುಕ್ಕರಿನ ಮುಚ್ಚಳ ತಲೆಗಿಟ್ಟು ಸ್ವಿಚ್ ಒತ್ತಿದರು. ಕುಕ್ಕರ್ ಕೂಗಿತು. ಅವರು ಶಾವಿಗೆ ಎಳೆಯಂತೆ ಸಣ್ಣಗಾಗಿ ಟಿವಿಯೊಳಗೆ ಸುರ್ರೆಂದು ಹೋಗಿಬಿಟ್ಟರು! ಮುಚ್ಚಳ ಮಾತ್ರ ಸೋಫಾದ ಮೇಲೆ ಉಳಿಯಿತು.

ಆ ಹೊತ್ತಿಗೇ ಕರೆಂಟ್ ಹೋಗಬೇಕೆ! ಯುಪಿಎಸ್ 'ಬೀಪ್, ಬೀಪ್' ಎಂದು ಅಳತೊಡಗಿತು.

"ಹೊರಗೆ ಬರೋದು ಹೇಗ್ರೀ?" ಎಂದು ಟಿವಿಗೆ ಬಾಯಿಟ್ಟು ಕೂಗಿದೆ.

"ಕೋಟೆ ಬಾಗಿಲಿಂದ!" ಎಂದರು ಪರದೆಯಲ್ಲಿ ಲುಂಗಿಯುಟ್ಟು ಕತ್ತಿ ಹಿಡಿದಿದ್ದ ಯಜಮಾನರು.

"ಅಷ್ಟರೊಳಗೆ ಯುಪಿಎಸ್ ಸತ್ತರೆ?"

"ಆಮೇಲೆ ಇಲ್ಲೇ!" ಹೇಳುವಾಗ ಮುಖದಲ್ಲಿ ಎಂಥ ಸಂತೋಷ ಅಂತೀರಿ!

ಹಾಗೆಂದು ಬಿಡಲಾದೀತೆ? ಎಷ್ಟಾದರೂ ಗಂಡ. ಅವರಿಲ್ಲದಿದ್ದರೆ ಈ ಮನೆಯಲ್ಲಿ ನಾನು ಬೈಯುವುದಾದರೂ ಯಾರನ್ನು? ಅತ್ತೆ ತಮ್ಮ ಮುಷ್ಟಿಯಲ್ಲಿದ್ದದ್ದನ್ನು ನನ್ನ ಕೈಗೆ ತುರುಕಿದರು. "ದೃಷ್ಟಿ ತೆಗೀದೆ ಇದ್ದಿದ್ದಕ್ಕೇ ಹಿಂಗಾಗಿದ್ದು. ಅಲ್ಲೇ ನಿವಾಳಿಸಿ ಕರ್ಕೊಂಡ್ ಬಾರೇ!"

ಸೆರಗು ಸಿಕ್ಕಿಸಿ, ಮುಚ್ಚಳ ತಲೆಗಿಟ್ಟು ಸ್ವಿಚ್ ಒತ್ತಿದೆ.

ಒಳಗೆ ಹೋಗಿ ನೋಡಿದರೆ ಯಜಮಾನರು ಬುಟ್ಟಿ ಹೊತ್ತು ಬೆಟ್ಟದಿಂದ ಓಡೋಡಿ ಬರುತ್ತಿದ್ದಾರೆ! ಕೆಳಗೊಬ್ಬಳು ಅಜ್ಜಿ ಕಾಯುತ್ತಿದ್ದಳು. ಅವಳ ತಲೆಯ ಮೇಲೆ ಗಾಳಿಯಲ್ಲಿ ಒಂದು ಹಳದಿ ಆಶ್ಚರ್ಯಸೂಚಕ ಚಿಹ್ನೆ ತೇಲುತ್ತಿತ್ತು.

"ಅಜ್ಜಿಗೆ ಅಣಬೆ ಬೇಕಂತೆ ಕಣೇ. ಇದಾದ್ಮೇಲೆ ಕಮ್ಮಾರನ ಮೇಕೆ ಹುಡುಕಿಕೊಟ್ಟು..."

"ಪಕ್ಕದ ಅಂಗಡಿಯಿಂದ ಕರಿಬೇವು ತರೋಕೆ ಮಂಡಿನೋವು! ಇಲ್ಲಿ ಬೆಟ್ಟ ಹತ್ತಿ ಅಣಬೆ!"

"ಏನ್ ಮಾಡ್ಲೇ? ತಲೆ ಮೇಲೆ ಆ ಹಳದಿ ಗುರುತು ಕಂಡ್ರೆ ಕೆಲಸ ಮಾಡ್ದೇ ಇರೋಕಾಗಲ್ಲ!"

ಮುಗಿಲಿನಿಂದ 'ಬೀಪ್, ಬೀಪ್' ಕೇಳಿತು. ಆಗಲೇ ಬೆಟ್ಟದ ಬಣ್ಣ ಮಂಕಾಗುತ್ತಿತ್ತು. ಅವರ ರಟ್ಟೆ ಹಿಡಿದು ಕೋಟೆಯತ್ತ ದರದರ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಹಳದಿ ಗುರುತಿನವರು ಕೈಬೀಸಿ ಕರೆದರು. ಒಬ್ಬೊಬ್ಬರ ಕಡೆಗೂ ಇವರು ತಿರುಗಿ ತಿರುಗಿ ನೋಡಿದರು!

ಬಾಗಿಲಿಗೆ ಅಡ್ಡಲಾಗಿ, ಎರಡು ಲಾರಿ ಉದ್ದದ ಡ್ರ್ಯಾಗನ್ ಮಲಗಿತ್ತು. ನಮ್ಮನ್ನು ಕಂಡು ಎದ್ದು ಬುಸ್ಸೆಂದಿತು.

"ನನ್ನ ಕತ್ತಿ ಚಿಕ್ಕದು ಕಣೇ! ಅಜ್ಜಿಗೆ ಇನ್ನಷ್ಟು ಅಣಬೆ ಕಿತ್ತುಕೊಟ್ಟಿದ್ರೆ ಇನಾಮಾಗಿ ದೊಡ್ಡದು ಸಿಗ್ತಿತ್ತು!"

"ಪೂರ್ವಕ್ಕೆ ಮುಖ ಮಾಡಿ ನಿಂತ್ಕೊಳ್ಳಿ," ಎಂದೆ.

"ಡ್ರ್ಯಾಗನ್ ಕಣೇ ಅದು!"

"ಇರಲಿ, ಕಾಯುತ್ತೆ. ಅತ್ತೆ ಹೇಳಿದ್ದಾರೆ."

ಊರವರ ಕಣ್ಣು, ಕೇರಿಯವರ ಕಣ್ಣು ಎಂದು ನಿವಾಳಿಸಿದೆ. ನನ್ನ ಮುಷ್ಟಿ ಸುತ್ತಿದ ಕಡೆಗೆಲ್ಲ ಡ್ರ್ಯಾಗನ್ನಿನ ಕತ್ತೂ ಸುತ್ತಿತು. "ಥೂ ಥೂ ಅನ್ನಿ" ಎಂದೆ, ಅಂದರು. ಇನ್ನು ಉಪ್ಪು, ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಬೇಕು. ಮನೆಯಲ್ಲಾದರೆ ಒಲೆಯಿದೆ. ಇಲ್ಲಿ? ಅಷ್ಟರಲ್ಲಿ ಡ್ರ್ಯಾಗನ್ ಬಾಯಿ ತೆರೆಯಿತು. ಗಂಟಲೊಳಗೆ ಧಗಧಗ ಉರಿ! ಶಾಸ್ತ್ರ ಶಾಸ್ತ್ರವೇ ಎಂದು ಮುಷ್ಟಿಯಲ್ಲಿದ್ದದ್ದನ್ನೆಲ್ಲ ಅಲ್ಲಿಗೇ ಎಸೆದೆ.

ಅವು ಬಣ್ಣಕ್ಕಷ್ಟೇ ಇರುವ ಬ್ಯಾಡಗಿಯಲ್ಲ, ಅಪ್ಪಟ ಗುಂಟೂರು! ಡ್ರ್ಯಾಗನ್ನಿನ ಕಣ್ಣಲ್ಲಿ ಧಾರಾಕಾರ ನೀರು. ಮೂಗು ಅರಳಿತು, ಮುದುಡಿತು, ಮತ್ತೆ ಅರಳಿತು. ಆಮೇಲೆ ಸೀನಿತು ನೋಡಿ! ಕೋಟೆ ಬಾಗಿಲು ಹಾರಿಹೋಯಿತು, ಅದರ ಹಿಂದೆಯೇ ನಾವಿಬ್ಬರೂ ಹಾರಿ ನಮ್ಮ ಸೋಫಾದ ಮೇಲೆ ದೊಪ್ಪೆಂದು ಬಿದ್ದೆವು. ಯುಪಿಎಸ್ ಕೊನೆಯದಾಗಿ ಒಮ್ಮೆ ಕೂಗಿ ಕಣ್ಣು ಮುಚ್ಚಿತು.

ಗೆದ್ದಿದ್ದೆ! ಗಂಡನನ್ನು ಇಡಿಯಾಗಿ ಮನೆಗೆ ತಂದಿದ್ದೆ! ಅತ್ತೆ ಮಗನ ತಲೆ ಸವರುತ್ತ, "ಘಾಟು ಬಂತೇನೇ?" ಎಂದು ಕೇಳಿದರು. ಮೆಣಸಿನಕಾಯಿ ಸುಟ್ಟಾಗ ಘಾಟು ಬಾರದಿದ್ದರೆ ದೃಷ್ಟಿಯಾಗಿದೆ ಎಂದು ಅವರ ನಂಬಿಕೆ.

"ಡ್ರ್ಯಾಗನ್ನೇ ಸೀನ್ತು ಅತ್ತೆ. ನಿಮ್ಮ ಮಗನಿಗೆ ಯಾರ ದೃಷ್ಟಿಯೂ ಆಗಿಲ್ಲ. ಇವರಿರೋದೇ ಹೀಗೆ!"

ಯಜಮಾನರು ನನ್ನ ತಲೆಯ ಮೇಲೆಯೇ ದೃಷ್ಟಿ ನೆಟ್ಟಿದ್ದರು. "ಏನಾದ್ರೂ ತರ್ಬೇಕಾ, ಸರ್ವಮಂಗಳಾ?" ಎಂದರು, ಬಲು ವಿನಯದಿಂದ.

ಕನ್ನಡಿ ನೋಡಿಕೊಂಡೆ. ನೆತ್ತಿಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಬೆಳಗುತ್ತಿತ್ತು!

"ಕರಿಬೇವು," ಎಂದೆ. ಬರಿಗಾಲಲ್ಲೇ ಓಡಿದರು.

ಆ ಗುರುತು ಇವತ್ತಿಗೂ ಹೋಗಿಲ್ಲ. ಅದನ್ನು ಅಳಿಸುವ ಯಂತ್ರ ಮಾಡುತ್ತೇನೆ ಎನ್ನುತ್ತಿದ್ದಾರೆ. ಧಾರಾಳವಾಗಿ ಮಾಡಲಿ, ದೋಸೆಗೆ ರುಬ್ಬಿ, ನಲ್ಲಿ ಸರಿಮಾಡಿ, ಅಟ್ಟ ಗುಡಿಸಿದ ಮೇಲೆ ಹೊತ್ತು ಉಳಿದರೆ.