ಕುಷ್ಟನ ಪಟಾಕಿಗೆ ರಜೆ

“ನೀ ದೊಡ್ಡಾಯಿ ಹಕ್ಕಿ ಎಣ್ಸುಕ್ ಹೋಪ ದಿನ ನಾನ್ ಒಂದೂ ಪಟಾಕಿ ಹೊಡುದಿಲ್ಲೆ ಮಗಾ, ನಿನ್ನಾಣಿ.”

ದೊಡ್ಡವಳಾಗಿ ಹಕ್ಕಿ ಎಣಿಸುತ್ತೇನೆ ಎನ್ನುತ್ತಿದ್ದ ಆರು ವರ್ಷದ ವಿನಯಾ ಪಟಾಕಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಅತ್ತಾಗ ಕುಷ್ಟ ಅವಳ ತಲೆ ಮುಟ್ಟಿ ಕೊಟ್ಟ ಮಾತು ಅದು. ಸಾಕ್ಷಿಗಿದ್ದವಳು ಹೆಂಡತಿ ಸರೋಜ. ಅವಳು ತೀರಿಕೊಂಡ ಮೇಲೆ ಅಪ್ಪ-ಮಗಳ ನಡುವೆ “ಉಂಡ್ಯಾ?”, “ಹ್ಞೂಂ” ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಹೊಳೆಬದಿಯ ಸಿಗಡಿ ಕೆರೆಗೆ ಇಳಿಯುವ ಹಕ್ಕಿಗಳನ್ನು ಪಟಾಕಿ ಹೊಡೆದು ಓಡಿಸುವುದು ಅಪ್ಪನ ಕೆಲಸ. ದಂಡೆಯಾಚೆಯ ಹಕ್ಕಿಧಾಮದಲ್ಲಿ ಚಳಿಗಾಲದ ಹಕ್ಕಿಗಳನ್ನು ವರ್ಷಕ್ಕೊಮ್ಮೆ ಎಣಿಸುವುದು ಈಗ ದೊಡ್ಡವಳಾದ ಮಗಳಿಗೆ ಹೊಸದಾಗಿ ಸಿಕ್ಕ ಕೆಲಸ. ಮತ್ತೆ ಮಾತು ಎಲ್ಲಿಂದ ಬರಬೇಕು?

ಎಣಿಕೆಯ ದಿನ ಬೆಳಿಗ್ಗೆ ಗಂಜಿ ಉಣ್ಣುವಾಗ ವಿನಯಾ ಅಪರೂಪಕ್ಕೆ ಬಾಯಿಬಿಟ್ಟಳು. “ಇವತ್ತ್ ನನ್ ಮೊದಲ್ನೇ ಎಣಿಕೆ. ಅರಣ್ಯ ಇಲಾಖಿ ದೊಡ್ಡ ಸಾಹೇಬ್ರೂ ಬತ್ರ್. ಹಕ್ಕಿ ಇಲ್ದಿದ್ರೆ ಹಕ್ಕಿಧಾಮವೇ ಬೇಡ ಅಂಬ್ರ್.”

ಕುಷ್ಟನಿಗೆ ಹಳೆಯ ಆಣೆ ನೆನಪಾಯಿತು. ಮಗಳಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ಗ್ರಹಚಾರಕ್ಕೆ ಅದು ಸಿಗಡಿ ಹಿಡಿಯಲು ಕೆರೆಯ ನೀರು ಇಳಿಸಿದ್ದ ದಿನ. ಮೊದಲು ಒಂದು ಬೆಳ್ಳಕ್ಕಿ ಬಂತು. ಒಂದು ಸಿಗಡಿ ನುಂಗಿ, ಪಟಾಕಿ ಯಾಕಿನ್ನೂ ಸಿಡಿಯಲಿಲ್ಲ ಎಂಬಂತೆ ಕುಷ್ಟನನ್ನೇ ನೋಡಿತು. ಕುಷ್ಟ ಕೈಕಟ್ಟಿ ಕೂತ. ಆಮೇಲೆ ನೀರುಕಾಗೆಗಳು, ಕಡಲಕ್ಕಿಗಳು, ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗುವವರಂತೆ ಇಳಿದವು.

“ಹ್ವಾಯ್ ಕುಷ್ಟಣ್ಣ, ಕಣ್ಣ್ ಕಾಣ್ತಿಲ್ಯಾ?” ಪಕ್ಕದ ಮನೆಯ ಪದ್ದಕ್ಕ ಬೇಲಿಯಿಂದ ಕೂಗಿದಳು. “ಎಂತಕ್ ಕಲ್ಲ್ ದೇವ್ರ ಹಾಂಗೆ ಕೂಕಂಡಿದ್ರಿ?”

“ಇವತ್ತ್ ಪಟಾಕಿಗೆ ರಜೆ, ಅಕ್ಕ.”

ದಾರಿಯಲ್ಲಿ ಹೋಗುತ್ತಿದ್ದ ಗೆಳೆಯ ಭೋಜ ಇದನ್ನು ಕೇಳಿ ಓಡಿಬಂದ. “ಪಾಪ, ಹುಷಾರಿಲ್ಲೆ ಕಾಣತ್ತ್. ನೀ ಕೂಕೊ ಮಾರಾಯ, ನಾನೇ ಹೊಡಿತೆ!” ಎಂದು ಪೆಟ್ಟಿಗೆಗೆ ಕೈಹಾಕಿ, ಕಡ್ಡಿಯನ್ನೂ ಗೀರಿದ. ಕುಷ್ಟ ಅವನ ಮೇಲೆ ಬಿದ್ದು, ಪೆಟ್ಟಿಗೆ ಕಸಿದು, ಇದ್ದಬದ್ದ ಪಟಾಕಿಯನ್ನೆಲ್ಲ ದಂಡೆಯ ಬದಿಯ ಕಾಲುವೆಯಲ್ಲಿ ಅದ್ದಿಬಿಟ್ಟ.

ಪದ್ದಕ್ಕ ಸುಮ್ಮನಿರುವಳೇ? ಕುಂದಾಪುರದಲ್ಲಿದ್ದ ಕೆರೆಯ ಮಾಲಕ ರೋಷನ್‌ಗೆ ಫೋನ್ ಹೋಯಿತು. ಅಲ್ಲಿಂದ ಕುಷ್ಟನಿಗೆ ಬಂತು. “ನಾಳೆಯಿಂದ ಬಪ್ಪುದ್ ಬೇಡ.”

“ಅಡ್ಡಿಲ್ಲ” ಎಂದ ಕುಷ್ಟ. ದಂಡೆಯಾಚೆ ಮಗಳು ನೆಮ್ಮದಿಯಿಂದ ಎಣಿಸುತ್ತಿರಬಹುದು. ಸರೋಜ ಇದ್ದಿದ್ದರೆ ಇವತ್ತು ಅವನಿಗೆ ಒಂದು ಲೋಟ ಚಾ ಹೆಚ್ಚಿಗೆ ಕೊಡುತ್ತಿದ್ದಳು.

“ಅಪ್ಪಯ್ಯಾ!” ವಿನಯಾ ಕೆಸರು ಹಾರಿಸುತ್ತ ಓಡಿಬಂದಳು. “ಹಕ್ಕಿಧಾಮದಲ್ ಒಂದ್ ಹಕ್ಕಿ ಇಲ್ಲೆ! ಎಲ್ಲ ನಿನ್ ಕೆರಿಯಲ್ ಕೂಕಂಡಿದೊ. ಕೆರಿ ಹಕ್ಕಿ ಲೆಕ್ಕಕ್ಕಿಲ್ಲೆ ಅಂದ್ಕಂಡ್ ಸಾಹೇಬ್ರ್ ಹೊರಟ್ರ್. ದಿನಾ ಹೊಡು ಪಟಾಕಿ ಇವತ್ತೆಂತಕ್ ಹೊಡಿಲಿಲ್ಲೆ? ಒಂದ್ ಹೊಡಿ ಅಪ್ಪಯ್ಯ, ಆಚಿಗ್ ಹಾರ್ತೊ!”

ಕುಷ್ಟ ಕೂಗಿದ, ಚಪ್ಪಾಳೆ ತಟ್ಟಿದ. ವರ್ಷಗಟ್ಟಲೆ ಪಟಾಕಿಯ ಸದ್ದಿಗಷ್ಟೇ ಹಾರಿ ಅಭ್ಯಾಸವಾದ ಹಕ್ಕಿಗಳು ಕತ್ತು ಸಹ ಎತ್ತಲಿಲ್ಲ. ಕಾಲುವೆಯಿಂದ ಒಂದು ಪಟಾಕಿ ತೆಗೆದು ಹಿಂಡಿದ. ನೀರು ತೊಟ್ಟಿಕ್ಕಿತು. ದಂಡೆಯಾಚೆ ಜೀಪು ಹೊರಟ ಸದ್ದು ಕೇಳಿಸಿತು.

ವಿನಯಾ ಕೆಸರಲ್ಲೇ ಕುಕ್ಕರಿಸಿ ಆರು ವರ್ಷದವಳಂತೆ ಅತ್ತಳು. ಈ ಸಲ ಕಿವಿ ಮುಚ್ಚಿಕೊಳ್ಳುವ ಅಗತ್ಯವಿರಲಿಲ್ಲ.

ಕುಷ್ಟ ಮಾತು ಉಳಿಸಿಕೊಂಡಿದ್ದ.