ಎಡಗೆನ್ನೆಯ ಮೇಲೆ ಏಳು ಸೆಂಟಿಮೀಟರ್ ಹರಕು

ಕಲಾ ಸಂಗ್ರಹಾಲಯಕ್ಕೆ ಎರವಲು ಬಂದ ಯಾವುದೇ ಚಿತ್ರವು ಬಂದ ಸ್ಥಿತಿಯಲ್ಲಿಯೇ ಹಿಂದಿರುಗತಕ್ಕದ್ದು ಎಂಬುದು ನಮ್ಮ ನಿಯಮಾವಳಿಯ ಹದಿನಾಲ್ಕನೆಯ ಕಲಂ. ಬಂದ ಸ್ಥಿತಿ ಯಾವುದೆಂದು ಚಿತ್ರ ನೋಡಿ ತೀರ್ಮಾನಿಸುವಂತಿಲ್ಲ, ಸ್ಥಿತಿ ವರದಿ ನೋಡಿ ತೀರ್ಮಾನಿಸಬೇಕು. ಆ ವರದಿ ಬರೆಯುವವನು ನಾನು. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ, ಇದುವರೆಗೆ ಒಂದು ತಪ್ಪೂ ದಾಖಲಾಗಿಲ್ಲ.

ಕೆಲಸದ ಕ್ರಮ ಸರಳ. ಹೊಸ ಚಿತ್ರ ಬಂದಾಗ ಹಿಂದಿನ ಚಿತ್ರದ ವರದಿ ತೆಗೆದು, ಹೆಸರು ಮತ್ತು ಅಳತೆ ಬದಲಿಸಿ, ಐದು ಜನರ ಸಹಿಗೆ ಕಳಿಸುವುದು. ಪ್ರತಿ ಸಲ ಪೆಟ್ಟಿಗೆ ಬಿಚ್ಚಿ ಚಿತ್ರ ನೋಡುತ್ತ ಕೂತರೆ ಕಚೇರಿ ಉದ್ಧಾರವಾದ ಹಾಗೇ. 'ಮನೆಯ ಮಕ್ಕಳು' ಎಂಬ ಪ್ರದರ್ಶನಕ್ಕೆ ನಿವೃತ್ತ ಲೆಕ್ಕದ ಟೀಚರೊಬ್ಬರು ತಮ್ಮ ದಿವಂಗತ ಪತಿ ಬರೆದ ಚಿತ್ರ ತಂದುಕೊಟ್ಟಾಗಲೂ ಹಾಗೇ ಮಾಡಿದೆ. ಚಿತ್ರದಲ್ಲಿ ಅವರ ಮಗಳು ಕಿಟಕಿಯಲ್ಲಿ ಕೂತು, ಮುಂದಿನ ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಾಳೆ. ಏಳು ತುಂಬುವ ಮೊದಲೇ ತೀರಿಕೊಂಡ ಮಗು, ಒಂದು ಫೋಟೊ ಕೂಡ ಇಲ್ಲವಂತೆ. ಇದನ್ನೆಲ್ಲ ಆಕೆ ನನ್ನ ಮೇಜಿನ ಮುಂದೆ ನಿಂತು ಹೇಳಿದರು. ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲವಾದ್ದರಿಂದ ಸಹಿ ಹಾಕುವ ಜಾಗ ತೋರಿಸಿದೆ. ಆಕೆ ಓದದೆ ಹಾಕಿದರು.

ಅದಕ್ಕೂ ಮೊದಲು ಬಂದಿದ್ದದ್ದು ಒಬ್ಬ ಮುದುಕ ಮೀನುಗಾರನ ಚಿತ್ರ. ಅವನ ವರದಿಯಲ್ಲಿದ್ದ "ಎಡಗೆನ್ನೆಯ ಮೇಲೆ ಏಳು ಸೆಂಟಿಮೀಟರ್ ಹರಕು, ಚೌಕಟ್ಟಿನ ಒಂದು ಸ್ಕ್ರೂ ಇಲ್ಲ" ಎಂಬ ಸಾಲು ಹುಡುಗಿಯ ವರದಿಗೂ ಬಂತು. ಐವರೂ ಸಹಿ ಮಾಡಿದರು.

ಪ್ರದರ್ಶನದ ಸಂಯೋಜಕರು ಮಹಾ ವಿದ್ವಾಂಸರು. ಅವರೂ ವರದಿಯನ್ನೇ ಓದಿ, ಆ ಹರಕಿನ ಬಗ್ಗೆ ಪರಿಚಯ ಪುಸ್ತಕದಲ್ಲಿ ಎರಡು ಪುಟ ಬರೆದರು: ಕಲಾವಿದ ತನ್ನ ದುಃಖಕ್ಕೆ ಬಣ್ಣ ಸಾಲದೆ ಬಟ್ಟೆಯನ್ನೇ ಸೀಳಿದ್ದಾನೆ. ಮೂರು ತಿಂಗಳ ಕಾಲ ನಮ್ಮ ಮಾರ್ಗದರ್ಶಿ ನಯವಾದ ಕೆನ್ನೆಯ ಮುಂದೆ ನಿಂತು ಹರಕನ್ನು ವಿವರಿಸಿದ. ಜನ ಮುಂದೆ ಬಾಗಿ ನೋಡಿ, ಹಿಂದೆ ಸರಿದು ನೋಡಿ, ಹೌದು ಹೌದು ಎಂದು ತಲೆಯಾಡಿಸಿದರು. ಹರಕು ಕರುಳು ಹಿಂಡಿತು ಎಂದು ಸಂದರ್ಶಕರ ಪುಸ್ತಕದಲ್ಲಿ ನಲವತ್ತು ಜನ ಬರೆದಿದ್ದಾರೆ.

ಪ್ರದರ್ಶನ ಮುಗಿದು ಚಿತ್ರ ಹಿಂದಿರುಗಿಸುವ ದಿನ ವರದಿಗೂ ಚಿತ್ರಕ್ಕೂ ತಾಳೆಯಾಗಲಿಲ್ಲ. ನಿರ್ದೇಶಕರು ತುರ್ತು ಸಭೆ ಕರೆದರು. ಸ್ಕ್ರೂ ವಿಷಯ ಅಲ್ಲೇ ಇತ್ಯರ್ಥವಾಯಿತು, ಬಡಗಿ ಒಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೆನ್ನೆಗಾಗಿ ಚಿತ್ರಗಳನ್ನು ದುರಸ್ತಿ ಮಾಡುವವಳನ್ನು ಕರೆಸಿದರು. ಅವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ.

"ನಾನು ಹರಿದದ್ದನ್ನ ಸೇರಿಸೋಳು ಸಾರ್. ಹರಿಯೋದು ನನ್ನ ಕೈಲಾಗಲ್ಲ," ಎಂದಳು. ವರದಿಯನ್ನೇ ತಿದ್ದಬಾರದೇ ಎಂದೂ ಕೇಳಿದಳು.

ಎಂಥ ಮುಗ್ಧೆ! ವರದಿ ತಿದ್ದಲು ಹರಕು ಇರಲಿಲ್ಲವೆಂಬ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವನ್ನು ವರದಿಯ ಆಧಾರದ ಮೇಲೆಯೇ ಕೊಡಬೇಕು. ವರದಿಯಲ್ಲಿ ಹರಕು ಇದೆ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು. ಮೇಲಾಗಿ, ಇದ್ದ ಹರಕು ಈಗ ಇಲ್ಲವೆಂದರೆ ಯಾರೋ ಸೇರಿಸಿರಲೇಬೇಕು, ಇಡೀ ಕಟ್ಟಡದಲ್ಲಿ ಸೇರಿಸಲು ಬರುವುದು ಸೂಜಿಯಕ್ಕನಿಗೊಬ್ಬಳಿಗೇ. ಅನುಮತಿಯಿಲ್ಲದೆ ದುರಸ್ತಿ ಮಾಡಿದ್ದಕ್ಕೆ ಅವಳಿಗೆ ಅಂದೇ ನೋಟಿಸು ಹೋಯಿತು.

ಟೀಚರಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮುದುಕರಿಗೆ ಕಣ್ಣಿನ ಮೇಲೆ ವಿಪರೀತ ನಂಬಿಕೆ. "ಅಂಗೈ ಹುಣ್ಣಿಗೆ ಕನ್ನಡಿ ಯಾಕಪ್ಪಾ? ಕೆನ್ನೆ ಎದುರಿಗೇ ಇದೆಯಲ್ಲ," ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲಮ್ಮಾ ಎಂದು ಸಮಾಧಾನವಾಗಿಯೇ ಹೇಳಿದೆ. ವರದಿಯಂತೆ ಕೆನ್ನೆ ಹರಿಯದೆ ಬಿಟ್ಟರೆ, ತಾಳೆಯಾಗದ ಚಿತ್ರ ವಿವಾದಿತ ವಸ್ತುವಾಗಿ ನೆಲಮಾಳಿಗೆಗೆ ಇಳಿಯುತ್ತದೆ, ಅಲ್ಲಿ ಅದನ್ನು ನೋಡಲು ಮಾಲೀಕರಿಗೂ ಅವಕಾಶವಿಲ್ಲ, ಹಾಗೆ ಇಳಿದ ಎಂಟು ಚಿತ್ರಗಳಲ್ಲಿ ಒಂದೂ ಇನ್ನೂ ಮೇಲೆ ಬಂದಿಲ್ಲ ಎಂಬುದನ್ನೂ ತಿಳಿಸಿದೆ. ನೆಲಮಾಳಿಗೆಯ ಪೈಪು ಸೋರುವ ಸಂಗತಿ ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಕೆ ಒಂಬತ್ತು ದಿನ ಬಂದರು. ಬಾಗಿಲು ತೆರೆಯುವ ಹೊತ್ತಿಗೆ ಬಂದು, ಮೊಗಸಾಲೆಯ ಬೆಂಚಿನ ಮೇಲೆ ಕೂತು, ಮುಚ್ಚುವಾಗ ಎದ್ದು ಹೋಗುತ್ತಿದ್ದರು. ಕಾಡಿದರು ಎಂದರೂ ತಪ್ಪಲ್ಲ. ಹತ್ತನೆಯ ದಿನ ನೇರವಾಗಿ ನಿರ್ದೇಶಕರ ಕೋಣೆಗೆ ನುಗ್ಗಿ, ಹರಿಯುವವರು ಯಾರು ಎಂದು ಕೇಳಿದರು. ಮೂವರ ಉಪಸಮಿತಿ ರಚನೆಯಾಗಿದೆ, ಅನುಭವಸ್ಥರು, ಚಿಂತೆ ಬೇಡ ಎಂದರು ನಿರ್ದೇಶಕರು.

"ಬೇಡ," ಎಂದರು ಟೀಚರು. "ನನ್ನ ಮಗಳನ್ನ ಬೇರೆ ಯಾರೂ ಮುಟ್ಟೋದು ಬೇಡ. ಬ್ಲೇಡ್ ಕೊಡಿ."

ನಿಯಮಾವಳಿ ತಿರುವಿ ಹಾಕಿದೆವು. ಮಾಲೀಕರೇ ಹರಿದುಕೊಳ್ಳಲು ಅಡ್ಡಿ ಇರಲಿಲ್ಲ. ಚಿತ್ರವನ್ನು ಮೇಜಿನ ಮೇಲೆ ಮಲಗಿಸಿದರು. ಚೌಕಟ್ಟು ಹಿಡಿದುಕೊಂಡ ಸೂಜಿಯಕ್ಕ ಕರ್ತವ್ಯದ ವೇಳೆಯಲ್ಲಿ ಅತ್ತಳು. ಟೀಚರು ಮಗುವಿನ ಹಣೆ ಸವರಿ, ಕನ್ನಡಕ ಸರಿಮಾಡಿಕೊಂಡು, ಎಡಗೆನ್ನೆಯನ್ನು ಸೀಳಿದರು. ನಾನು ಸ್ಕೇಲಿಟ್ಟು ನೋಡಿದೆ. ಆರೂವರೆ ಬಂತು. ಹೇಳಿದೆ. ಆಕೆ ಮತ್ತೆ ಬ್ಲೇಡ್ ತೆಗೆದುಕೊಂಡು ಏಳು ಮಾಡಿಕೊಟ್ಟರು.

ಅಲ್ಲಿಗೆ ಎಲ್ಲವೂ ಸುಸೂತ್ರವಾಯಿತು. ಸಂಯೋಜಕರು ಹರಕನ್ನು ಬೆಳಕಿಗೆ ಹಿಡಿದು, ತಾವು ಬರೆದದ್ದಕ್ಕಿಂತಲೂ ಆಳವಾಗಿದೆ ಎಂದು ಮೆಚ್ಚಿದರು. ಮನೆಗೆ ಬಂದು ಹೊಲಿದುಕೊಡುತ್ತೇನಮ್ಮಾ ಎಂದ ಸೂಜಿಯಕ್ಕನಿಗೆ, ಸಿಬ್ಬಂದಿ ಹೊರಗಿನ ಕೆಲಸ ಮಾಡುವಂತಿಲ್ಲವೆಂದು ನೆನಪಿಸಲಾಯಿತು. ಅವಳ ನೋಟಿಸನ್ನು ಹಿಂದಕ್ಕೆ ಪಡೆದೆವು.

ಉಳಿದದ್ದು "ಚಿತ್ರವು ಕೊಟ್ಟ ಸ್ಥಿತಿಯಲ್ಲಿಯೇ ಮರಳಿದೆ, ನನಗೆ ತೃಪ್ತಿಯಿದೆ" ಎಂಬ ಸಾಲಿನ ಕೆಳಗೆ ಆಕೆಯ ಸಹಿ. ಟೀಚರು ಈ ಸಲ ಪೂರ್ತಿ ಓದಿ ಸಹಿ ಮಾಡಿದರು. ಅದು ಹಳೆಯ ಸಹಿಗೆ ಹೊಂದಲಿಲ್ಲ. ಅದೊಂದನ್ನು ಮಾತ್ರ ನಾವು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡೆವು.