ಅತ್ತೆಗೆ ರಾಕ್ಷಸನ ಸಿನಿಮಾ ತಿಳಿಸಿ ಹೇಳಿದ್ದು

ದಾಂಡೇಲಿಯ ನಮ್ಮ ಓಣಿಯಲ್ಲಿ ಹಿಂದಿ ಬಲ್ಲವನೆಂದರೆ ನಾನೇ. ಕಾಗದದ ಕಾರ್ಖಾನೆಯ ಗೋದಾಮಿನಲ್ಲಿ ಕೆಲಸ. ಉತ್ತರದಿಂದ ಬರುವ ಲಾರಿ ಡ್ರೈವರುಗಳಿಗೆ 'ಹಿಂದೆ ತಗೋ, ಇನ್ನೂ ಹಿಂದೆ, ಸಾಕು!' ಎಂದು ಹಿಂದಿಯಲ್ಲೇ ಕೂಗುತ್ತೇನೆ. ಇದುವರೆಗೆ ಯಾವ ಲಾರಿಯೂ ಗೋಡೆಗೆ ಗುದ್ದಿಲ್ಲ. ವಿದ್ವತ್ತಿಗೆ ಇನ್ನೇನು ಬೇಕು?

ಹೀಗಾಗಿ ತೇರಗಾಂವದಿಂದ ಅತ್ತೆ ಬಂದಿದ್ದ ಭಾನುವಾರ ಟಿವಿಯಲ್ಲಿ ಹಿಂದಿ ಕಾರ್ಟೂನ್ ಸಿನಿಮಾ ಹಚ್ಚಿ, ಅದನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಹೊಣೆ ಹೊತ್ತೆ. ಗಿಳಿಯಲ್ಲಿ ಜೀವ ಇಟ್ಟುಕೊಂಡ ರಾಕ್ಷಸನ ಹಳೆಯ ಕಥೆ. ನನ್ನ ಉತ್ಸಾಹಕ್ಕೆ ಕಾರಣವಿತ್ತು. ಅಳಿಯನೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ಅತ್ತೆಯ ಮನೆತನದಲ್ಲಿಲ್ಲ. ತಲೆಯ ಮೇಲೆ ಸೆರಗು, ಅಡುಗೆಮನೆಯ ಬಾಗಿಲ ಮರೆ, ಏನಿದ್ದರೂ ಮಗಳ ಮೂಲಕವೇ. ಅವರು ಒಮ್ಮೆಯಾದರೂ ನನ್ನನ್ನು ಬಾಯಿ ತುಂಬ ಮಾತಾಡಿಸಬೇಕೆಂಬುದು ಮದುವೆಯಾದಾಗಿನಿಂದ ನನ್ನ ಆಸೆ!

ಸಿನಿಮಾ ಶುರುವಾಯಿತು. ರಾಜ ಬಾಯಿ ತೆರೆದ. ನನಗೆ ಒಂದು ಮಾತೂ ತಿಳಿಯಲಿಲ್ಲ! ಅರಮನೆಯಲ್ಲಿ ಯಾರೂ ಲಾರಿ ಹಿಂದಕ್ಕೆ ತೆಗೆಯಲೇ ಇಲ್ಲ. ನಾನು ಹೆದರಲಿಲ್ಲ. ಅಜ್ಜಿ ಹೇಳಿದ ಕಥೆ ಗೊತ್ತಿತ್ತಲ್ಲ, ಅದನ್ನೇ ಹೇಳುತ್ತ ಹೋದೆ.

ರಾಕ್ಷಸ ರಾಜಕುಮಾರಿಗೆ ಊಟ ಬಡಿಸಿದ.

"ವಿಷ ಹಾಕ್ಯಾನ," ಎಂದೆ.

ಆಕೆ ಉಂಡಳು. ಎದ್ದು ಕುಣಿದಳು!

ಬಾಗಿಲ ಮರೆಯಲ್ಲಿ ಪಿಸುಮಾತು. ಹೆಂಡತಿ ತಲೆ ಹೊರಗೆ ಹಾಕಿದಳು.

"ರೀ, ವಿಷ ತಿಂದಾಕಿ ಯಾಕ ಕುಣಿಯಾಕತ್ತಾಳ ಅಂತ ಅವ್ವ ಕೇಳಾಕತ್ತಾಳ."

"ವಿಷ ತಲಿಗೇರೇತಿ. ಇನ್ನ ಬೀಳ್ತಾಳ, ಸ್ವಲ್ಪ ತಡೀರಿ ಅನ್ನು."

ಬೀಳಲಿಲ್ಲ. ರಾಕ್ಷಸನ ಕೈಗೆ ಏನೋ ಕಟ್ಟತೊಡಗಿದಳು.

"ನೋಡು, ಅವನ ಕೈ ಕಟ್ಟಿ ಹಾಕಾಕತ್ತಾಳ!"

"ಅದು ರಾಖಿರೀ!"

ನಾನು ಸೋಲೊಪ್ಪುವವನಲ್ಲ. ಅಷ್ಟರಲ್ಲಿ ಪುಣ್ಯಕ್ಕೆ ಗಿಳಿ ಪಂಜರದಲ್ಲಿ ಉರುಳಿತು. ರಾಕ್ಷಸನೂ ಉರುಳಿದ. ಅಜ್ಜಿ ಗೆದ್ದಳು! ನಾನು ಎದ್ದು ಟಿವಿಗೆ ಅಡ್ಡ ನಿಂತು ಘೋಷಿಸಿದೆ. "ಗಿಳಿ ಸತ್ತೇತಿ, ರಾಕ್ಷಸನೂ ಸತ್ತ. ಕಥಿ ಮುಗೀತು!"

"ಸರೀರಿ ಅಳಿಯಂದ್ರ ಅತ್ಲಾಗ! ಗಿಳಿ ಕಣ್ಣ ತೆರದೈತಿ!"

ಓಣಿಗೆಲ್ಲ ಕೇಳುವ ದನಿ. ಅತ್ತೆಯದು! ನನಗೇ! ನೇರವಾಗಿ!

"ಏನಂದ್ರಿ ಅತ್ತಿ?" ಎಂದು ಸಂತೋಷದಿಂದ ತಿರುಗಿದೆ. ಅಷ್ಟರಲ್ಲಿ ಸೆರಗು ಮುಖದ ಮೇಲೆ ಬಂದಾಗಿತ್ತು. ಮತ್ತೆ ಪಿಸುಮಾತು.

ಹೆಂಡತಿ ನಗು ತಡೆದುಕೊಂಡು ಈಚೆ ಬಂದಳು.

"ರೀ, ನಿಮಗ ಕಥಿ ತಿಳಿದಿಲ್ಲಂತ ಅವ್ವಗ ಪಾಪ ಅನಿಸೇತಿ. ಕೂಡ್ರಿ, ಮೊದ್ಲಿಂದ ಹೇಳ್ತಾಳಂತ. ನನ್ನ ಕೈಲೆ."

ಕೂತೆ. ಅತ್ತೆ ಹೇಳಿದರು, ಹೆಂಡತಿ ತಲುಪಿಸಿದಳು, ನಾನು ತಲೆಯಾಡಿಸಿದೆ. ರಾಕ್ಷಸ ಮೊದಲಿನಿಂದಲೂ ಬಹಳ ಒಳ್ಳೆಯವನಂತೆ!